ಕಾರಾಪುರ: ‘ಕಬಿನಿ’ ಅನ್ನೋ ಹೆಸರಿನ ಹಿಂದಿರೋ ಊರು

ವೀಕೆಂಡ್‌ಗೆ ಎಲ್ಲಿಗೆ ಹೋಗೋಣ ಅಂತ ಆಫೀಸ್ ಕ್ಯಾಂಟೀನಿನಲ್ಲಿ ಒಂದು ಮಾತು ಎತ್ತಿ ನೋಡಿ. ಒಬ್ಬರು ಚಿಕ್ಕಮಗಳೂರು ಅಂತಾರೆ, ಇನ್ನೊಬ್ಬರು ಕೊಡಗು ಅಂತಾರೆ. ಬೋನಸ್ ಬಂದ ತಿಂಗಳಾದರೆ ಒಬ್ಬರಾದರೂ ‘ಕಬಿನಿ’ ಅಂತಾರೆ. ತಕ್ಷಣ ಎಲ್ಲರ ಫೋನಿನಲ್ಲೂ ಅದೇ ಚಿತ್ರ: ಮರದ ಮೇಲೆ ಮಲಗಿದ ಕರಿಚಿರತೆ, ಹಿನ್ನೀರಿನ ದಡದಲ್ಲಿ ಆನೆ ಹಿಂಡು, ಕೈಯಲ್ಲಿ ಕಾಫಿ ಕಪ್ ಹಿಡಿದ ಯಾರದೋ ಕಾಲು.

ಕಬಿನಿ ಅಂತ ಒಂದು ಊರಿಲ್ಲ. ಕಬಿನಿ ನದಿ. ಕೇರಳದ ವಯನಾಡಿನಲ್ಲಿ ಹುಟ್ಟಿ, ನಮ್ಮ ಎಚ್.ಡಿ. ಕೋಟೆ ತಾಲ್ಲೂಕಿಗೆ ಬಂದು, ನಂಜನಗೂಡಿನಲ್ಲಿ ಕಪಿಲೆ ಅನಿಸಿಕೊಂಡು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಗೆ ಸೇರುತ್ತೆ. ರೆಸಾರ್ಟ್‌ಗಳ ವಿಳಾಸದ ಕೊನೇ ಸಾಲು ಓದಿದರೆ ಊರಿನ ಹೆಸರು ಸಿಗುತ್ತೆ: ಕಾರಾಪುರ.

ನಾನು ಹುಣಸೂರಿನವನು. ಎಂಜಿನಿಯರಿಂಗ್ ಮೈಸೂರಿನಲ್ಲಿ, ಕೆಲಸ ಬೆಂಗಳೂರಿನಲ್ಲಿ. ನಮ್ಮ ಪಕ್ಕದ ತಾಲ್ಲೂಕಿನ ಈ ಸಣ್ಣ ಊರಿಗೆ ಹೇಳಿಕೊಳ್ಳೋಕೆ ಎಷ್ಟೊಂದು ಕತೆ ಇದೆ ಅಂತ ಗೊತ್ತಾದ ಮೇಲೆ, ಅಲ್ಲಿಗೆ ಸಫಾರಿಗೆ ಅಂತ ಮಾತ್ರ ಹೋಗಿ ಬರೋದು ಅರ್ಧ ಸಿನಿಮಾ ನೋಡಿ ಎದ್ದು ಬಂದಹಾಗೆ ಅನ್ನಿಸುತ್ತೆ. ಉಳಿದರ್ಧ ಇಲ್ಲಿದೆ.

ಹೋಗೋ ದಾರಿ

ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದರೆ ಹಂಪಾಪುರ ದಾಟಿ, ಸುಮಾರು 50 ಕಿ.ಮೀ. ಆಗೋ ಹೊತ್ತಿಗೆ ಎಚ್.ಡಿ. ಕೋಟೆ ಸಿಗುತ್ತೆ. ಕೋಟೆಯ ಪಕ್ಕದಲ್ಲೇ ‘ಹ್ಯಾಂಡ್‌ಪೋಸ್ಟ್’ ಅನ್ನೋ ಸರ್ಕಲ್. ಹೆಸರು ಅಪ್ಪಟ ಇಂಗ್ಲಿಷ್. ಕವಲುದಾರಿಯಲ್ಲಿ ಕೈ ಚಾಚಿದ ಆಕಾರದಲ್ಲಿ ನಿಲ್ಲಿಸೋ ದಾರಿ ತೋರಿಸೋ ಕಂಬಕ್ಕೆ ಇಂಗ್ಲಿಷಿನಲ್ಲಿ ಹಾಗಂತಾರೆ. ಕಂಬ ಇರಲಿ ಬಿಡಲಿ, ಹೆಸರು ಮಾತ್ರ ಉಳಿದುಕೊಂಡಿದೆ. ಬಸ್ ಕಂಡಕ್ಟರ್ ‘ಯಾರ್ರೀ ಹ್ಯಾಂಡ್‌ಪೋಸ್ಟು, ಇಳ್ಕೊಳಿ’ ಅಂತ ಕೂಗೋವಾಗ ಅದು ನಮ್ಮದೇ ಪದ ಅನ್ನಿಸಿಬಿಡುತ್ತೆ.

ಇಲ್ಲಿಂದ ಒಂದು ದಾರಿ ಸರಗೂರಿಗೆ, ಇನ್ನೊಂದು ಅಂತರಸಂತೆ ಕಡೆಗೆ. ಕಾರಾಪುರಕ್ಕೆ ಅಂತರಸಂತೆ ದಾರಿ. ಎರಡೂ ಕಡೆ ಹತ್ತಿ, ಮುಸುಕಿನ ಜೋಳ, ಶುಂಠಿ, ಹೊಗೆಸೊಪ್ಪಿನ ಹೊಲಗಳು. ಹೊಗೆಸೊಪ್ಪು ಒಣಗಿಸೋ ಬ್ಯಾರನ್‌ಗಳು ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಇನ್ನೂ ಹೆಚ್ಚು. ಅಂತರಸಂತೆ ದಾಟಿದರೆ ಹೊಲ ಕಮ್ಮಿಯಾಗಿ ಮರ ಜಾಸ್ತಿ ಆಗುತ್ತೆ, ಗಾಳಿ ತಂಪಾಗುತ್ತೆ. ಮೈಸೂರಿನಿಂದ ಕಾರಾಪುರಕ್ಕೆ ಒಟ್ಟು 70 ಕಿ.ಮೀ. ಆಸುಪಾಸು ಅಂದುಕೊಳ್ಳಿ.

ಊರು ಅಂದರೆ ಊರೇ. ಹೆಂಚಿನ ಮನೆ, ತಾರಸಿ ಮನೆ, ಮನೆ ಮುಂದೆ ಕಟ್ಟಿದ ಹಸು, ಒಂದೆರಡು ಟೀ ಅಂಗಡಿ. ಅದರ ಆಚೆ ರೆಸಾರ್ಟುಗಳ ಎತ್ತರದ ಗೇಟು. ಆ ಗೇಟಿಂದ ಈಚೆಗೆ ಬರೋ ಪ್ರವಾಸಿಗರು ಕಮ್ಮಿ. ಕಾರು ಸೀದಾ ಒಳಗೆ ಹೋಗುತ್ತೆ, ಎರಡು ದಿನ ಬಿಟ್ಟು ಸೀದಾ ಹೊರಗೆ ಬರುತ್ತೆ. ಟೀ ಅಂಗಡಿಯ ಅಕ್ಕ ನನ್ನ ಬ್ಯಾಗ್ ನೋಡಿ ಮೊದಲು ಕೇಳಿದ್ದು, ‘ದಾರಿ ತಪ್ಪಿ ಬಂದ್ರಾ ಸಾರ್? ರೆಸಾರ್ಟು ಆ ಕಡೆ’ ಅಂತ. ‘ಇಲ್ಲಕ್ಕ, ನಿಮ್ಮೂರೇ ನೋಡಕ್ಕೆ ಬಂದದ್ದು’ ಅಂದೆ. ಅವರಿಗೆ ನಗು. ‘ನಮ್ಮೂರಲ್ಲಿ ನೋಡಕ್ಕೆ ಏನದೆ?’

ಇರೋದನ್ನು ಹೇಳ್ತೀನಿ ಕೇಳಿ.

ರಾಜರೆಲ್ಲ ಬಂದು ಟೆಂಟ್ ಹಾಕಿದ ಊರು

‘ಖೆಡ್ಡಾ’ ಅನ್ನೋ ಪದ ನಮ್ಮ ಅಪ್ಪ-ಅಮ್ಮನ ತಲೆಮಾರಿಗೆ ಗೊತ್ತು. ಕಾಡಾನೆಗಳ ಇಡೀ ಹಿಂಡನ್ನೇ ಹಿಡಿಯೋ ವಿಧಾನ ಅದು. ನೂರಾರು ಜನ ತಮಟೆ ಬಡಿದು, ಬೆಂಕಿ ಹಾಕಿ, ಕೂಗಿ, ದಿನಗಟ್ಟಲೆ ಹಿಂಡನ್ನು ಒಂದೇ ದಿಕ್ಕಿಗೆ ತಳ್ತಾರೆ. ಕೊನೆಗೆ ಅದು ಗಟ್ಟಿ ಮರದ ದಿಮ್ಮಿಗಳ ಬೇಲಿಯೊಳಗೆ ಬಂದು ಸೇರುತ್ತೆ, ಬಾಗಿಲು ಬೀಳುತ್ತೆ. ಆಮೇಲೆ ಪಳಗಿದ ಆನೆಗಳ ಮೇಲೆ ಕೂತ ಮಾವುತರು ಒಳಗೆ ಹೋಗಿ ಒಂದೊಂದಕ್ಕೇ ಹಗ್ಗ ಹಾಕ್ತಾರೆ. ಇದರಲ್ಲಿ ಅತ್ಯಂತ ಅಪಾಯದ ಕೆಲಸ ಹಗ್ಗ ಹಾಕೋರದ್ದು. ಸಾಹೇಬರು, ರಾಜರು ಮೇಲೆ ಅಟ್ಟಣೆಯಲ್ಲಿ ಕೂತು ನೋಡೋರು.

ಮೈಸೂರು ಸಂಸ್ಥಾನದಲ್ಲಿ ಇದನ್ನು ಮೊದಲು ಯಶಸ್ವಿಯಾಗಿ ಮಾಡಿದವನು ಜಿ.ಪಿ. ಸ್ಯಾಂಡರ್ಸನ್, 1873-74ರಲ್ಲಿ, ಚಾಮರಾಜನಗರದ ಕಡೆ. ನೀರಾವರಿ ಕಾಲುವೆ ನೋಡಿಕೊಳ್ಳೋಕೆ ಬಂದ ಇಂಗ್ಲಿಷ್ ಅಧಿಕಾರಿ ಅವನು. ಅದಕ್ಕೂ ನೂರು ವರ್ಷ ಮುಂಚೆ ಹೈದರ್ ಅಲಿ ಕಾಕನಕೋಟೆ ಕಾಡಿನಲ್ಲಿ ಪ್ರಯತ್ನಿಸಿ ಸೋತಿದ್ದನಂತೆ. ಇನ್ನು ಮುಂದೆ ಈ ಕೆಲಸಕ್ಕೆ ಕೈಹಾಕಿದವರಿಗೆ ಶಾಪ ತಟ್ಟಲಿ ಅಂತ ಕಲ್ಲಿನಲ್ಲಿ ಬರೆಸಿಟ್ಟಿದ್ದನಂತೆ. ಇದನ್ನು ಸ್ಯಾಂಡರ್ಸನ್ನೇ 1878ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಹೇಳಿಕೊಂಡಿದ್ದಾನೆ.

ಆಮೇಲೆ ಖೆಡ್ಡಾದ ಮುಖ್ಯ ಜಾಗ ಕಾಕನಕೋಟೆಯೇ ಆಯಿತು. ನೋಡೋಕೆ ಬರೋ ದೊಡ್ಡವರ ಬಿಡಾರ ಕಾರಾಪುರದಲ್ಲಿ. 1906ರಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ಐದನೇ ಜಾರ್ಜ್ ಆದವನು, ಹೆಂಡತಿ ಜೊತೆ ಬಂದು ಖೆಡ್ಡಾ ನೋಡಿದ್ದು ಇಲ್ಲೇ. ಮಹಾರಾಜರ ಕಾಲದ ಬೇಟೆ ಬಂಗಲೆ, ವೈಸ್‌ರಾಯ್ ಬಂಗಲೆ ಇವತ್ತೂ ಕಾರಾಪುರದಲ್ಲಿವೆ, ಸರ್ಕಾರದ ಜಂಗಲ್ ಲಾಡ್ಜಸ್‌ನ ಆವರಣದೊಳಗೆ.

ಕೊನೇ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಹಿಂಡಿನಿಂದ ಮರಿಗಳನ್ನು ಬೇರೆ ಮಾಡಿ ಕಟ್ಟಿ ಹಾಕೋ ಆ ಕೆಲಸ ನಿಂತದ್ದು ಒಳ್ಳೆಯದೇ ಆಯಿತು. ಆದರೆ ಅದರ ಜೊತೆ ಬೆಳೆದ ಒಂದು ಜ್ಞಾನವೂ ಇತ್ತಲ್ಲ? ಲದ್ದಿ ನೋಡಿ ಆನೆ ಯಾವ ಕಡೆ, ಎಷ್ಟು ಹೊತ್ತಿನ ಹಿಂದೆ ಹೋಯಿತು ಅಂತ ಹೇಳೋದು, ಮದ ಬಂದ ಆನೆಯ ಕಣ್ಣು ಓದೋದು. ಅದೆಲ್ಲ ಈ ಊರಿನ, ಈ ಕಾಡಿನ ಹಾಡಿಗಳ ಜನರ ಕೈಯಲ್ಲಿದ್ದ ವಿದ್ಯೆ.

ಕಾರಾಪುರದ ಹುಡುಗ, ಡೆನ್‌ಹ್ಯಾಂ ಅನ್ನೋ ಹಳ್ಳಿ

ಆ ವಿದ್ಯೆಯ ಮನೆಯಲ್ಲಿ 1924ರ ಜನವರಿ 27ರಂದು ಕಾರಾಪುರದಲ್ಲಿ ಒಂದು ಗಂಡುಮಗು ಹುಟ್ಟಿತು. ಹೆಸರು ಸಾಬು. ಅಪ್ಪ ಮಹಾರಾಜರ ಆನೆಗಳ ಮಾವುತ. ಅಮ್ಮ, ಅಪ್ಪ ಇಬ್ಬರೂ ಬೇಗ ಹೋದರು. ಹುಡುಗ ಮೈಸೂರಿನ ಆನೆ ಲಾಯದಲ್ಲಿ ಬೆಳೆದ.

1935ರಲ್ಲಿ ಇಂಗ್ಲೆಂಡಿನಿಂದ ಒಂದು ಸಿನಿಮಾ ತಂಡ ಮೈಸೂರಿಗೆ ಬಂತು. ಕಿಪ್ಲಿಂಗ್ ಬರೆದ ‘ತೂಮಾಯ್ ಆಫ್ ದಿ ಎಲಿಫೆಂಟ್ಸ್’ ಕತೆಯನ್ನು ಸಿನಿಮಾ ಮಾಡಬೇಕಿತ್ತು, ಆನೆ ಜೊತೆ ನಟಿಸೋಕೆ ಒಬ್ಬ ಹುಡುಗ ಬೇಕಿತ್ತು. ಇನ್ನೊಂದು ಸ್ವಾರಸ್ಯ: ಆ ಕತೆಯಲ್ಲಿ ಬರೋ ಪೀಟರ್ಸನ್ ಸಾಹೇಬ ಬೇರೆ ಯಾರೂ ಅಲ್ಲ, ನಮ್ಮ ಸ್ಯಾಂಡರ್ಸನ್ನೇ ಅನ್ನೋ ಮಾತಿದೆ. ಅಂದರೆ ಮೈಸೂರು ಕಾಡಿನ ಕತೆ ಇಂಗ್ಲಿಷ್ ಪುಸ್ತಕಕ್ಕೆ ಹೋಗಿ, ತಿರುಗಿ ತನ್ನ ನಾಯಕನನ್ನು ಹುಡುಕಿಕೊಂಡು ಮೈಸೂರಿಗೇ ಬಂದಹಾಗಾಯಿತು.

ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್ ಕಣ್ಣಿಗೆ ಲಾಯದಲ್ಲಿದ್ದ ಸಾಬು ಬಿದ್ದ. ಇಂಗ್ಲಿಷ್ ಬರ್ತಿರಲಿಲ್ಲ, ಕ್ಯಾಮೆರಾ ಎದುರು ನಿಂತು ಅಭ್ಯಾಸ ಇರಲಿಲ್ಲ. ಆದರೆ ಆನೆ ಸೊಂಡಿಲು ಹಿಡಿದು ಮೇಲೇರೋದು ಅವನಿಗೆ ನಾವು ಬೈಕ್ ಹತ್ತೋ ಥರ. ರಾಬರ್ಟ್ ಫ್ಲಾಹರ್ಟಿ ಮೈಸೂರು ಸೀಮೆಯಲ್ಲಿ ಹೊರಾಂಗಣ ಚಿತ್ರೀಕರಣ ಮಾಡಿದ. ಉಳಿದದ್ದಕ್ಕೆ ಸಾಬುವನ್ನು, ಅವನ ಅಣ್ಣನನ್ನು ಇಂಗ್ಲೆಂಡಿಗೆ ಕರಕೊಂಡು ಹೋದರು. ಅಲ್ಲಿ ಲಂಡನ್ನಿನ ಹೊರಗೆ, ಬಕಿಂಗ್‌ಹ್ಯಾಮ್‌ಶೈರಿನಲ್ಲಿ, ಡೆನ್‌ಹ್ಯಾಂ ಅಂತ ಒಂದು ಸಣ್ಣ ಹಳ್ಳಿ. ಇಟ್ಟಿಗೆ ಮನೆಗಳು, ಹಳೇ ಚರ್ಚು, ಪಕ್ಕದಲ್ಲಿ ಹರಿಯೋ ಸಣ್ಣ ನದಿ. ಅದರ ಹತ್ತಿರ ಅಲೆಕ್ಸಾಂಡರ್ ಕೋರ್ಡಾ 1936ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಸಿನಿಮಾ ಸ್ಟುಡಿಯೋ.

‘ಎಲಿಫೆಂಟ್ ಬಾಯ್’ 1937ರಲ್ಲಿ ಬಂತು. ವೆನಿಸ್ ಚಿತ್ರೋತ್ಸವದಲ್ಲಿ ಅದರ ನಿರ್ದೇಶನಕ್ಕೆ ಪ್ರಶಸ್ತಿ ಬಂತು. ಸಾಬು ಆಮೇಲೆ ‘ದಿ ಥೀಫ್ ಆಫ್ ಬಾಗ್ದಾದ್’, ‘ಜಂಗಲ್ ಬುಕ್’ ಸಿನಿಮಾಗಳಲ್ಲಿ ನಟಿಸಿ ಅಮೆರಿಕದಲ್ಲೇ ನೆಲೆನಿಂತ. 1944ರಲ್ಲಿ ಅಲ್ಲಿನ ಪ್ರಜೆಯಾದ, ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಗನ್ ಹಿಡಿದ, ಶೌರ್ಯಕ್ಕೆ ಪದಕ ಪಡೆದ. ಹಾಲಿವುಡ್ಡಿನ ಫುಟ್‌ಪಾತಿನಲ್ಲಿ ಅವನ ಹೆಸರಿನ ನಕ್ಷತ್ರ ಇದೆ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಬರೀ 39.

ನಮ್ಮ ಟೀಮಿನಲ್ಲಿ ಇಂಗ್ಲೆಂಡಿನವರೊಬ್ಬರಿದ್ದಾರೆ. ಒಂದು ಸಂಜೆ ಕಾಲ್ ಮುಗಿಯೋ ಹೊತ್ತಿಗೆ ಮಾತು ಊರುಗಳ ಕಡೆ ತಿರುಗಿತು. ಡೆನ್‌ಹ್ಯಾಂ ಅವರ ಮನೆಯಿಂದ ದೂರವಿಲ್ಲವಂತೆ. ಆ ಹಳ್ಳಿಯಲ್ಲಿ ಯಾವ ಮನೆಯಲ್ಲಿ ಯಾವ ನಟ ಇದ್ದ, ಯಾವ ಬೀದಿಯಲ್ಲಿ ಯಾವ ಸಿನಿಮಾ ತೆಗೆದರು ಅಂತ ಜನ ಬಾಯಿಪಾಠ ಹೇಳ್ತಾರಂತೆ. ಸ್ಟುಡಿಯೋ 1952ರಲ್ಲೇ ಮುಚ್ಚಿತು, ಆಮೇಲೆ ಕಟ್ಟಡಗಳನ್ನೂ ಕೆಡವಿದರು. ಆದರೂ ಹೆಸರು ಹಿಡಿದುಕೊಂಡು ನೋಡೋಕೆ ಬರೋರಿದ್ದಾರೆ.

ನಾನು ಕಾರಾಪುರದಲ್ಲಿ ಓಡಾಡಿದ ಕಡೆಯೆಲ್ಲೂ ಸಾಬು ಹೆಸರಿನ ಒಂದು ಬೋರ್ಡು ಕಣ್ಣಿಗೆ ಬೀಳಲಿಲ್ಲ. ಟೀ ಅಂಗಡಿಯಲ್ಲಿ ಕೇಳಿದಾಗ ಕೂತಿದ್ದ ಹುಡುಗರು ಫೋನ್ ತೆಗೆದು ಯೂಟ್ಯೂಬಿನಲ್ಲಿ ಹುಡುಕಿದರು. ಕಪ್ಪು-ಬಿಳುಪಿನಲ್ಲಿ ಒಂದು ಹುಡುಗ ಆನೆ ಮೇಲೆ ಕೂತು ನಗ್ತಿದ್ದ. ‘ಅಣ್ಣ, ಇವ್ನು ನಮ್ಮೂರೋನಾ? ನಿಜವಾಗ್ಲೂ?’ ಅಂತ ಒಬ್ಬ ಎರಡೆರಡು ಸಲ ಕೇಳಿದ. ನಿಜವಾಗ್ಲೂ ಕಣಪ್ಪ.

ನೀರಿನ ಕೆಳಗಿರೋ ಊರುಗಳು

ಖೆಡ್ಡಾ ನಡೀತಿದ್ದ ಜಾಗ ತೋರಿಸಿ ಅಂದರೆ ಇಲ್ಲಿಯ ಹಿರಿಯರು ನೀರಿನ ಕಡೆ ಕೈ ತೋರಿಸ್ತಾರೆ. ಬೀಚನಹಳ್ಳಿ ಹತ್ತಿರ ಕಬಿನಿಗೆ ಕಟ್ಟಿದ ಅಣೆಕಟ್ಟೆ 1974ರಲ್ಲಿ ಮುಗಿಯಿತು. ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ ಅಡಿ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನಾ ಬರೋ ಅಂಕಿ ಇದೇ. ವಯನಾಡಿನಲ್ಲಿ ಜೋರು ಮಳೆ ಅಂದರೆ ಕಾವೇರಿ ಕೊಳ್ಳದ ನಮ್ಮ ಜಲಾಶಯಗಳಲ್ಲಿ ಸಾಮಾನ್ಯವಾಗಿ ಮೊದಲು ತುಂಬೋದು ಕಬಿನಿ.

ಆ ನೀರು ನಿಂತದ್ದು ಖಾಲಿ ನೆಲದ ಮೇಲಲ್ಲ. ಹಳ್ಳಿಗಳಿದ್ದವು, ಹೊಲ-ಗದ್ದೆ ಇದ್ದವು, ಹಾಡಿಗಳಿದ್ದವು, ಕಾಡಿತ್ತು. ಕಬಿನಿ ದಂಡೆಯ ಕಿತ್ತೂರು ಪುನ್ನಾಟ ಅನ್ನೋ ಪುರಾತನ ರಾಜ್ಯದ ರಾಜಧಾನಿ ಕೀರ್ತಿಪುರ ಆಗಿತ್ತು ಅಂತ ಇತಿಹಾಸಕಾರರು ಗುರುತಿಸಿದ್ದಾರೆ. ಎರಡನೇ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿ ತನ್ನ ಬರಹದಲ್ಲಿ ಪುನ್ನಾಟವನ್ನು ಬೆರಿಲ್ ಅನ್ನೋ ರತ್ನ ಸಿಗೋ ನಾಡು ಅಂತ ಹೆಸರಿಸಿದ್ದಾನೆ. ಆ ಹಳೇ ಕಿತ್ತೂರೂ ಹಿನ್ನೀರಿನ ಪಾಲಾಯಿತು.

ದಡದಲ್ಲಿ ಕುರಿ ಮೇಯಿಸ್ತಿದ್ದ ಒಬ್ಬ ತಾತ ಸಿಕ್ಕಿದ್ದರು. ‘ತಾತ, ಮುಂಚೆ ನಿಮ್ಮೂರು ಎಲ್ಲಿತ್ತು?’ ಅಂದೆ. ಕೋಲು ಎತ್ತಿ ನೀರಿನ ನಡುವೆ ತೋರಿಸಿದರು. ‘ಅಲ್ಲೇ ಕಣಪ್ಪ. ನಾನಾಗ ಚಿಕ್ಕ ಹುಡುಗ. ಗಾಡಿ ಮೇಲೆ ಪಾತ್ರೆ-ಪಗಡ ಏರ್ಸ್ಕೊಂಡು ಬಂದೊ. ನಮ್ಮವ್ವ ಒಲೆ ಕಲ್ಲೂ ತಂದ್ಲು, ಅಲ್ಲಿ ಬುಟ್ ಬರಕ್ಕೆ ಮನಸಾಗ್ಲಿಲ್ಲ ಅಂತ.’ ಈ ನೀರು ಕೆಳಗಿನ ತಾಲ್ಲೂಕುಗಳ ಗದ್ದೆಗೆ ಹೋಗುತ್ತೆ. ಬೆಂಗಳೂರಿನ ನಲ್ಲಿಗೆ ಬರೋದು ಕಾವೇರಿ, ಆದರೆ ಕಬಿನಿ ಕೂಡ ಆ ಕಾವೇರಿಯ ಲೆಕ್ಕದೊಳಗೇ ಇದೆ. ಆ ಒಲೆ ಕಲ್ಲಿನ ಲೆಕ್ಕ ಮಾತ್ರ ಎಲ್ಲೂ ಬರೆದಿರಲ್ಲ.

ಇದೇ ಹಿನ್ನೀರಿಗೆ ಇನ್ನೊಂದು ಮುಖ ಇದೆ. ಬೇಸಿಗೆಯಲ್ಲಿ ನೀರು ಇಳಿದಾಗ ದಡದುದ್ದಕ್ಕೂ ಹಸಿ ಹುಲ್ಲು ಬರುತ್ತೆ. ಮಾರ್ಚಿನಿಂದ ಮೇ ತಿಂಗಳವರೆಗೆ ಸುತ್ತಲಿನ ನಾಗರಹೊಳೆ, ಬಂಡೀಪುರ, ವಯನಾಡು ಕಾಡುಗಳ ಆನೆಗಳು ಆ ಹುಲ್ಲಿಗೆ, ನೀರಿಗೆ ಇಲ್ಲಿ ಸೇರ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಟ್ಟಿಗೆ ಕಾಣೋ ಜಾಗ ಪ್ರಪಂಚದಲ್ಲೇ ಅಪರೂಪ. ಒಂದು ಕಾಲಕ್ಕೆ ಆನೆಗಳನ್ನು ಅಟ್ಟಿ ಹಿಡೀತಿದ್ದ ನೆಲದ ಮೇಲೆ ಅವು ಈಗ ಮರಿಗಳ ಜೊತೆ ನಿಧಾನಕ್ಕೆ ಮೇಯ್ತಿರ್ತವೆ. ಸಫಾರಿ ಜೀಪಿನಲ್ಲಿ ಕೂತಾಗ ಇಷ್ಟು ನೆನಪಿದ್ದರೆ ಆ ದೃಶ್ಯದ ತೂಕವೇ ಬೇರೆ.

ಕಾಡು, ಹಾಡಿ ಮತ್ತು ಹುಲಿ

ನಾಗರಹೊಳೆ 1955ರಲ್ಲಿ ಅಭಯಾರಣ್ಯ, 1988ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಆಮೇಲೆ ಹುಲಿ ಸಂರಕ್ಷಿತ ಪ್ರದೇಶ. ಕಾರಾಪುರದ ಕಡೆಯಿಂದ ಸಫಾರಿಗೆ ಗೇಟು ದಮ್ಮನಕಟ್ಟೆ, ಹುಣಸೂರಿನ ಕಡೆಯಿಂದ ವೀರನಹೊಸಹಳ್ಳಿ, ಕೊಡಗಿನ ಕುಟ್ಟದ ಕಡೆಯಿಂದ ನಾಣಚ್ಚಿ.

ಈ ಕಾಡಿನ ಮೂಲ ಜನ ಜೇನುಕುರುಬರು, ಬೆಟ್ಟಕುರುಬರು, ಯರವರು. ಮಾಸ್ತಿಯವರ ‘ಕಾಕನಕೋಟೆ’ ನಾಟಕ ನೆನಪಿರಬಹುದು. ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದ್ದು 1977ರಲ್ಲಿ. ಕಾಡನ್ನು ಬಲ್ಲ ಆ ಜನರ ಮಕ್ಕಳಲ್ಲಿ ಅನೇಕರು ಈಗ ಕಾಡಂಚಿನ ಹಾಡಿಗಳಲ್ಲಿ, ಪುನರ್ವಸತಿ ಕಾಲೊನಿಗಳಲ್ಲಿದ್ದಾರೆ. ಹಲವರು ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋಗ್ತಾರೆ. ಕಾಡಿನ ಮೇಲಿನ ಹಕ್ಕಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಹಿಡಿದು ಅರ್ಜಿ ಹಾಕಿದವರ ಹೋರಾಟ ನಾಗರಹೊಳೆಯಲ್ಲಿ ಇನ್ನೂ ನಡೀತಿದೆ. ಆದರೆ ಆನೆ ಶಿಬಿರಗಳ ಮಾವುತರು, ಕಾವಾಡಿಗಳು ಯಾರು ಅಂತ ನೋಡಿ. ಬಹುಪಾಲು ಇವರೇ.

ಕಾರಾಪುರ ದಾಟಿ ಕೇರಳದ ಕಡೆ ಹೋಗೋ ಕಾಡು ರಸ್ತೆಯಲ್ಲಿ ಬಳ್ಳೆ ಆನೆ ಶಿಬಿರ ಇದೆ. ದಸರಾ ಅಂಬಾರಿ ಹೊತ್ತ ಅರ್ಜುನನ ಮನೆ ಇದೇ. 1968ರಲ್ಲಿ ಕಾಕನಕೋಟೆ ಕಾಡಿನಲ್ಲಿ ಖೆಡ್ಡಾದಲ್ಲಿ ಸಿಕ್ಕವನು ಅವನು. 2012ರಿಂದ 2019ರವರೆಗೆ ಎಂಟು ಸಲ 750 ಕಿಲೋ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾಡಾನೆ ಹಿಡಿಯೋ ಕಾರ್ಯಾಚರಣೆಯಲ್ಲಿ, ಒಂಟಿಸಲಗದ ಜೊತೆ ಕಾದಾಡಿ ಸತ್ತ. ಆ ದಿನ ಅವನ ಮಾವುತ ಅತ್ತ ವಿಡಿಯೋ ನೀವೂ ನೋಡಿರಬಹುದು. ಖೆಡ್ಡಾ ನಿಂತು ಅರ್ಧ ಶತಮಾನ ಆದ ಮೇಲೂ ಆನೆಗೂ ಈ ಜನಕ್ಕೂ ಇರೋ ನಂಟು ಎಂಥದ್ದು ಅಂತ ತಿಳಿಯೋಕೆ ಅಷ್ಟು ಸಾಕು.

ಈ ನಂಟಿಗೆ ಇನ್ನೊಂದು, ಕಹಿ ಮುಖವೂ ಇದೆ. 2025ರ ಅಕ್ಟೋಬರ್-ನವೆಂಬರಿನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಜನ ರೊಚ್ಚಿಗೆದ್ದರು. ಸರ್ಕಾರ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹುಡುಕೋ ಕೆಲಸಕ್ಕೆ ಹಾಕಿತು. ಬುಕಿಂಗ್ ಕ್ಯಾನ್ಸಲ್ ಆದವರಿಗೆ ಬೇಜಾರು ಸಹಜ. ಆದರೆ ಯಾವ ಹುಲಿ ನೋಡೋಕೆ ನಾವು ಸಾವಿರಾರು ರೂಪಾಯಿ ಕೊಟ್ಟು ಬರ್ತೀವೋ, ಅದೇ ಹುಲಿಯ ಭಯಕ್ಕೆ ಒಬ್ಬ ರೈತ ಹತ್ತಿ ಬಿಡಿಸೋಕೆ ಹೊಲಕ್ಕೆ ಹೋಗಲ್ಲ. ಎರಡೂ ಒಂದೇ ಊರಿನಲ್ಲಿ, ಗೇಟಿನ ಎರಡು ಬದಿಯಲ್ಲಿ. ಟೀ ಅಂಗಡಿಯ ಅಕ್ಕ ಹೇಳಿದ್ದು ಇಷ್ಟೇ: ‘ಹುಲಿ ಇರ್ಲಿ ಸಾರ್, ಕಾಡು ಅದರದ್ದು. ನಮ್ಮ ಮಕ್ಳು ಸಂಜೆ ಸ್ಕೂಲಿಂದ ನಡ್ಕೊಂಡು ಬರ್ಬೇಕಲ್ಲ, ಅದಕ್ಕೊಂದು ದಾರಿ ಮಾಡ್ಲಿ.’

ಸುತ್ತಮುತ್ತ ನೋಡೋಕೆ

ಸಫಾರಿ ಇರಲಿ, ಇಲ್ಲದಿರಲಿ, ಎರಡು ದಿನಕ್ಕೆ ಸಾಕಾಗೋಷ್ಟು ಜಾಗಗಳಿವೆ.

ಭೀಮನಕೊಲ್ಲಿ: ಹಿನ್ನೀರಿನ ದಂಡೆ ಮೇಲಿನ ಮಹದೇಶ್ವರನ ಗುಡಿ. ಮೂರು ಕಡೆ ನೀರು, ಆಚೆ ದಡದಲ್ಲಿ ಕಾಡು. ಬೆಳಿಗ್ಗೆ ಬೇಗ ಹೋದರೆ ಗಂಟೆ ಸದ್ದು ಬಿಟ್ಟು ಬೇರೇನೂ ಕೇಳಲ್ಲ. ಪಕ್ಕದ ತಾಲ್ಲೂಕುಗಳಿಂದಲೂ ಭಕ್ತರು ಬರ್ತಾರೆ.

ಬೀಚನಹಳ್ಳಿ ಅಣೆಕಟ್ಟೆ: ಹ್ಯಾಂಡ್‌ಪೋಸ್ಟಿನಿಂದ ಸರಗೂರು ದಾರಿಯಲ್ಲಿ ಹೋಗಿ ತಿರುಗಬೇಕು. ಜುಲೈ-ಆಗಸ್ಟಿನಲ್ಲಿ ಗೇಟು ತೆಗೆದಾಗ ಕೆಳಗಿನಿಂದ ನೋಡೋದೇ ಚೆಂದ. ನೀರು ಬಿಟ್ಟಿರುವಾಗ ಸೆಲ್ಫಿಗೆ ಅಂತ ಹತ್ತಿರ ಹೋಗಬೇಡಿ, ಪೊಲೀಸರು ಹೇಳಿದ ಗೆರೆ ದಾಟಬೇಡಿ.

ಚಿಕ್ಕದೇವಮ್ಮನ ಬೆಟ್ಟ: ಸರಗೂರಿನ ಹತ್ತಿರ. ಮೇಲಿಂದ ಕಬಿನಿ ಸೀಮೆಯೆಲ್ಲ ಕಾಣುತ್ತೆ. ಸುತ್ತಲ ಹಳ್ಳಿಗಳಿಗೆ ಈ ತಾಯಿ ಮನೆದೇವರು. ಹಬ್ಬದ ದಿನ ಹೋದರೆ ಜನ, ಬೇರೆ ದಿನ ಹೋದರೆ ಗಾಳಿ.

ನುಗು ಜಲಾಶಯ: ಸರಗೂರು ತಾಲ್ಲೂಕಿನ ಬೀರವಾಳು ಹತ್ತಿರ, ಕಬಿನಿಯ ಉಪನದಿ ನುಗುವಿಗೆ ಕಟ್ಟಿದ್ದು. ಕಬಿನಿಯಷ್ಟು ದೊಡ್ಡದಲ್ಲ, ಅಷ್ಟು ಗದ್ದಲವೂ ಇಲ್ಲ.

ವಾಪಸ್ ಬರೋವಾಗ ಬಂದ ದಾರಿಯಲ್ಲೇ ಬರಬೇಕು ಅಂತೇನಿಲ್ಲ. ಎಚ್.ಡಿ. ಕೋಟೆಯಿಂದ ನಮ್ಮ ಹುಣಸೂರಿಗೆ ರಸ್ತೆ ಇದೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಪ್ರತಿ ವರ್ಷ ದಸರಾ ಆನೆಗಳ ಗಜಪಯಣ ಶುರುವಾಗೋದು. ಆಗ ಬಂದರೆ ಅರಮನೆಯ ಗದ್ದಲಕ್ಕಿಂತ ಮುಂಚೆ, ಮಾವುತರ ಹೆಂಡತಿ-ಮಕ್ಕಳೂ ಗಂಟುಮೂಟೆ ಕಟ್ಟಿಕೊಂಡು ಹೊರಡೋದನ್ನು ನೋಡಬಹುದು. ಇದೇ ತಾಲ್ಲೂಕಿನ ಕಲ್ಲಹಳ್ಳಿ ದೇವರಾಜ ಅರಸು ಅವರ ಊರು. ಬಿಳಿಕೆರೆ ಕಡೆ ಬಂದರೆ ಬಂಡೆ ಮೇಲೆ ನಿಂತ ಗೊಮ್ಮಟಗಿರಿ.

ಇನ್ನೊಂದು ದಿನ ಕೈಯಲ್ಲಿದ್ದರೆ ಪಿರಿಯಾಪಟ್ಟಣ ತಾಲ್ಲೂಕಿಗೆ ಹೋಗಿ. ಬೆಟ್ಟದಪುರದಲ್ಲಿ ಸಾವಿರಾರು ಮೆಟ್ಟಿಲು ಹತ್ತಿದರೆ ಸಿಡಿಲು ಮಲ್ಲಿಕಾರ್ಜುನ. ಬೈಲಕುಪ್ಪೆಯಲ್ಲಿ 1961ರಿಂದ ನೆಲೆಸಿರೋ ಟಿಬೆಟನ್ನರು, 1999ರಲ್ಲಿ ಶುರುವಾದ ಸ್ವರ್ಣ ಮಂದಿರ. ನೀರಿಗೆ ಊರು ಕಳಕೊಂಡವರ ಸೀಮೆಯಿಂದ ಒಂದೆರಡು ಗಂಟೆ ದೂರದಲ್ಲಿ ದೇಶವನ್ನೇ ಬಿಟ್ಟು ಬಂದವರ ಊರು. ಕೆ.ಆರ್. ನಗರದ ಕಡೆಯಿಂದ ಬರೋರು ಚುಂಚನಕಟ್ಟೆಯಲ್ಲಿ ಇಳಿಯದೆ ಹೋಗಬಾರದು. ಕಾವೇರಿ ಬಂಡೆ ಮೇಲಿಂದ ಧುಮುಕೋ ಜಾಗ, ಪಕ್ಕದಲ್ಲೇ ಕೋದಂಡರಾಮನ ಗುಡಿ. ಜನವರಿಯ ದನಗಳ ಜಾತ್ರೆಗೆ ಬಂದರೆ ನಮ್ಮ ಹಳ್ಳಿಕಾರ್ ಎತ್ತುಗಳ ಗತ್ತು ನೋಡಬಹುದು.

ಹೊರಡೋ ಮುಂಚೆ

ಸಫಾರಿ ನಡೀತಿದೆಯಾ ಅಂತ ಅರಣ್ಯ ಇಲಾಖೆ ಅಥವಾ ಜಂಗಲ್ ಲಾಡ್ಜಸ್‌ನ ವೆಬ್‌ಸೈಟಿನಲ್ಲಿ ನೋಡಿಕೊಂಡು ಹೊರಡಿ. ಮಾನಂದವಾಡಿ ಕಡೆಯ ಕಾಡು ರಸ್ತೆ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹಗಲಲ್ಲೂ ಅಲ್ಲಿ ಗಾಡಿ ನಿಲ್ಲಿಸಬೇಡಿ, ತಿಂಡಿ ಕವರ್ ಎಸೀಬೇಡಿ.

ಬಸ್ಸಿನಲ್ಲೂ ಬರಬಹುದು. ಮೈಸೂರಿನ ಗ್ರಾಮಾಂತರ ಬಸ್ ನಿಲ್ದಾಣದಿಂದ ಕೋಟೆಗೆ ಬಸ್ಸುಗಳಿವೆ. ಅಲ್ಲಿಂದ ಅಂತರಸಂತೆ ಕಡೆಯದ್ದು ಹಿಡೀಬೇಕು.

ಒಂದು ಊಟವನ್ನಾದರೂ ಗೇಟಿನ ಈಚೆ ಮಾಡಿ. ಮುದ್ದೆ, ಉಪ್ಪೆಸರು ಸಿಗೋ ಹೋಟೆಲು ಕೋಟೆಯಲ್ಲಿ, ಹ್ಯಾಂಡ್‌ಪೋಸ್ಟಿನಲ್ಲಿ ಇವೆ. ಊರಿನವರನ್ನೇ ಗೈಡಾಗಿ ಕರಕೊಂಡು ಹೋಗಿ, ಕೊಡೋದನ್ನು ಮೊದಲೇ ಮಾತಾಡಿ ಕೊಡಿ. ಹಾಡಿಗಳಿಗೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಅದು ಅವರ ಮನೆ, ಮ್ಯೂಸಿಯಂ ಅಲ್ಲ.

ಹೊರಡೋ ಹಿಂದಿನ ರಾತ್ರಿ ‘ಎಲಿಫೆಂಟ್ ಬಾಯ್’ ಸಿನಿಮಾ ಹುಡುಕಿ ನೋಡಿ. ಈಗಿನ ಕಣ್ಣಿಗೆ ಅಲ್ಲಲ್ಲಿ ನಗು ಬರುತ್ತೆ, ಸಾಹೇಬರ ಠೀವಿಗೆ ಕೋಪವೂ ಬರುತ್ತೆ. ಆದರೆ ಆ ಹುಡುಗ ಆನೆ ಕಿವಿಯಲ್ಲಿ ಏನೋ ಹೇಳೋವಾಗ ನಮ್ಮ ಪಕ್ಕದೂರಿನವನೊಬ್ಬ ಮಾತಾಡ್ತಿದ್ದಾನೆ ಅನ್ನಿಸುತ್ತೆ.

ಹೋಗಿ ಬಂದ ಮೇಲೆ ಫೋಟೋ ಹಾಕೇ ಹಾಕ್ತೀರಲ್ಲ, ಆಗ ಲೊಕೇಶನ್ ಜಾಗದಲ್ಲಿ ಕಬಿನಿ ಬದಲು ‘ಕಾರಾಪುರ, ಎಚ್.ಡಿ. ಕೋಟೆ’ ಅಂತ ಹಾಕಿ. ಟೀ ಅಂಗಡಿಯ ಹುಡುಗರು ನೋಡ್ತಿರ್ತಾರೆ.